ರೋಸ್ವಿಟಾ ಸಣ್ಣ ಹಡಗು ಹತ್ತಿದ ಬಗೆ

ರೋಸ್ವಿಟಾ ಕ್ನೋಲ್ ಮೊಟ್ಟೆ ಕೊಳ್ಳುವಾಗ ಡಬ್ಬಿಯ ಮುಚ್ಚಳ ತೆಗೆದು ಒಂದೊಂದನ್ನೂ ಬೆರಳಿನಿಂದ ಅಲುಗಿಸಿ ನೋಡುತ್ತಿದ್ದಳು. ಒಡೆದ ಮೊಟ್ಟೆ ಡಬ್ಬಿಗೆ ಅಂಟಿಕೊಂಡಿರುತ್ತದೆ, ಅಲುಗುವುದಿಲ್ಲ. ಅಂಗಡಿಯವನು ನಕ್ಕರೆ ಮತ್ತೊಂದು ಸುತ್ತು ಅಲುಗಿಸುವಳು. ನಗುವವನ ಮೊಟ್ಟೆಯನ್ನು ಎರಡು ಸಲ ನೋಡಬೇಕು ಎಂಬುದು ಅವಳ ಶಾಸ್ತ್ರ. ಡಾಕ್ಟರು ಗುಳಿಗೆ ಬದಲಿಸಿದರೆ, ಹಳೆಯ ಗುಳಿಗೆ ಏನು ತಪ್ಪು ಮಾಡಿತ್ತು ಎಂದು ಕೇಳುವಳು. ರೇಡಿಯೋದವರು ಬಿಸಿಲು ಎಂದ ದಿನವೇ ಕೊಡೆ ಹಿಡಿದು ಹೊರಡುವಳು.

ಈ ಗುಣ ತಾಯಿಯಿಂದ ಬಂದದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಲ್ಮ್ ಊರಿನ ತುಂಬ ನಿರಾಶ್ರಿತರು ಬಂದು ಇಳಿದಾಗ, ರೋಸ್ವಿಟಾಳ ತಾಯಿ ಬಾಗಿಲಿಗೆ ಬಂದವರಿಗೆ ಸೂಪು ಕೊಡುತ್ತಿದ್ದಳು, ಅವರು ಹೋದ ಮೇಲೆ ಚಮಚ ಎಣಿಸುತ್ತಿದ್ದಳು. ಎರಡನ್ನೂ ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದಳು. ಉಳಿದಷ್ಟನ್ನು ಕಲಿಸಿದ್ದು ಕಂಬಳಿ. ಮದುವೆಯಾದ ಹೊಸದರಲ್ಲಿ ಗಂಡ ಎರ್ವಿನ್ ಯಾವುದೋ ಬಸ್ಸಿನವರ ಮಾತು ಕೇಳಿ ಅವಳನ್ನು ಪುಕ್ಕಟೆ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದ. ಕಾಫಿ, ಕೇಕು, ಕಾಡು ನೋಡಿಕೊಂಡು ಬರುವುದು ಎಂದಿದ್ದರು. ಕಾಫಿಯೂ ಸಿಕ್ಕಿತು, ಕೇಕೂ ಸಿಕ್ಕಿತು. ಆಮೇಲೆ ಹೋಟೆಲಿನ ಬಾಗಿಲು ಹಾಕಿಕೊಂಡು ಟೈ ಕಟ್ಟಿದ ಒಬ್ಬ ಮನುಷ್ಯ ವಾತ ಎಳೆಯುವ ಕುರಿಯುಣ್ಣೆ ಕಂಬಳಿಯ ಮಹಿಮೆಯನ್ನು ಸಂಜೆಯವರೆಗೆ ಹೇಳಿದ. ಎರ್ವಿನ್ ಎರಡು ಕೊಂಡ. ಕಾಡು ಕಂಡದ್ದು ಬಸ್ಸಿನ ಕಿಟಕಿಯಲ್ಲಿ, ಅದೂ ಕತ್ತಲಾದ ಮೇಲೆ. ಬಿಸಿ ಹಾಲಿಗೆ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ರೋಸ್ವಿಟಾ ಅಂದಿನಿಂದ ತಣ್ಣೀರನ್ನೂ ಊದಿಯೇ ಕುಡಿದಳು. ಹೊಳಪು ಕಾಗದದ ಮೇಲೆ ಅಚ್ಚಾದ ಯಾವುದನ್ನೂ ಮತ್ತೆ ನಂಬಲಿಲ್ಲ.

ಎರ್ವಿನ್ ಟ್ರಾಮ್ ಓಡಿಸುತ್ತಿದ್ದ. ಅವಳು ಬೇಕರಿಯಲ್ಲಿ ನಿಂತು ಪ್ರೆಟ್ಸೆಲ್ ಮಾರುತ್ತಿದ್ದಳು. ಮಕ್ಕಳಿರಲಿಲ್ಲ. ಎರ್ವಿನ್ ಹೋದ ಮೇಲೆ ಅವಳಿಗೆ ಉಳಿದದ್ದು ಆ ನಾಲ್ಕು ಮನೆಯ ಕಟ್ಟಡ, ದಿನಾ ಸಂಜೆ ಕೋಟೆಗೋಡೆಯ ಮೇಲೆ ನಡೆದು ನೋಡುವ ಡ್ಯಾನ್ಯೂಬ್ ಹೊಳೆ, ಮತ್ತು ಲೇನಿ. ಉಲ್ಮ್‌ನಲ್ಲಿ ಆ ಹೊಳೆ ಇನ್ನೂ ಎಳೆಯದು, ದೊಡ್ಡ ಬಿಳಿ ಹಡಗುಗಳಿಗೆ ಅಲ್ಲಿ ನೀರು ಸಾಲದು. ಅವು ಬೇಕೆಂದರೆ ಕೆಳಗೆ ಪಸಾವ್ ಊರಿಗೇ ಹೋಗಬೇಕು.

ಲೇನಿ ಎಂದರೆ ಮೇಲಿನ ಮನೆಯ ಮಗ್ದಲೇನಾ ವೆಂಡೆಲ್. ಮೂವತ್ತು ವರ್ಷದ ನೆರೆ. ಅವಳೂ ವಿಧವೆಯೇ, ಮಗಳು ಬೇರೆ ಮನೆ ಮಾಡಿಕೊಂಡಿದ್ದಳು, ರೋಸ್ವಿಟಾಗಿಂತ ಎರಡು ವರ್ಷ ದೊಡ್ಡವಳು. ಗಟ್ಟಿ ನಗು, ಗಟ್ಟಿ ರೇಡಿಯೋ, ಎಡ ಮಂಡಿಗೆ ಆಪರೇಷನ್. ಐದು ವರ್ಷದವಳಿದ್ದಾಗ ಹೊಳೆಯ ಕೆಳಗಿನ ಸೀಮೆಯಿಂದ ನಿರಾಶ್ರಿತಳಾಗಿ ಅಜ್ಜಿಯ ಕೈ ಹಿಡಿದು ಬಂದವಳು. ಉಲ್ಮ್‌ನಲ್ಲಿ ಅಂಥವರು ಎಷ್ಟೋ ಜನ. ಅವಳು ಆ ಮಾತು ಎತ್ತುತ್ತಿರಲಿಲ್ಲ, ರೋಸ್ವಿಟಾ ಕೇಳುತ್ತಲೂ ಇರಲಿಲ್ಲ.

ಆ ಇಬ್ಬರನ್ನೂ ಕಟ್ಟಿಹಾಕಿದ್ದ ಇನ್ನೊಂದು ವಸ್ತುವಿತ್ತು, ದಾರ ಪೋಣಿಸಿದ ಒಂದು ಸಣ್ಣ ಮರದ ಹಲಗೆ. ಉಲ್ಮ್ ಸೀಮೆಯ ಮನೆಗಳಲ್ಲಿ ಗುಡಿಸುವ ವಾರ ಎಂದು ಒಂದು ಕಟ್ಟಳೆ. ಹಲಗೆ ಯಾರ ಬಾಗಿಲಿನ ಹಿಡಿಯಲ್ಲಿ ತೂಗುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು, ಮನೆಯ ಮುಂದಿನ ಕಾಲುದಾರಿ ಗುಡಿಸುವುದು, ಕಸದ ತೊಟ್ಟಿ ಹೊರಗಿಡುವುದು, ಚಳಿಗಾಲವಾದರೆ ಹಿಮ ಎತ್ತುವುದು ಅವರ ಪಾಲು. ಶನಿವಾರ ಕೆಲಸ ಮುಗಿಸಿ ಹಲಗೆಯನ್ನು ಮುಂದಿನ ಮನೆಗೆ ದಾಟಿಸಬೇಕು. ನೆಲದ ಮನೆಯಲ್ಲಿ ಹೊಸದಾಗಿ ಮದುವೆಯಾದ ಜೋಡಿ, ಅವರ ಮೇಲೆ ರೋಸ್ವಿಟಾ, ಅವಳ ಮೇಲೆ ಲೇನಿ, ತುದಿಯಲ್ಲಿ ಟಪಾಲು ಇಲಾಖೆಯಿಂದ ನಿವೃತ್ತನಾದ ಹೆರ್ ಬಾಯರ್ಲೆ. ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರಾವ್ ಎನ್ನುವುದು ಅಲ್ಲಿಯ ಮರ್ಯಾದೆ. ಆಗದವರ ಬಾಗಿಲಿಗೆ ಹಲಗೆಯನ್ನು ಸದ್ದಿಲ್ಲದೆ ತೂಗುಹಾಕಿ ಹೋಗುತ್ತಾರೆ. ಬೇಕಾದವರಾದರೆ ಗಂಟೆ ಒತ್ತಿ ಕೈಗೆ ಕೊಡುತ್ತಾರೆ. ರೋಸ್ವಿಟಾ ಮೂವತ್ತು ವರ್ಷವೂ ಲೇನಿಯ ಗಂಟೆ ಒತ್ತಿದ್ದಳು, ಪ್ರತಿ ಸಲವೂ ಕಾಫಿ ಕುಡಿದೇ ಇಳಿದಿದ್ದಳು.

ಒಂದು ಫೆಬ್ರವರಿಯ ಮಧ್ಯಾಹ್ನ ಲೇನಿಯೇ ಕೆಳಗಿಳಿದು ಬಂದಳು. ಒಂದು ಕೈಯಲ್ಲಿ ಪ್ಲಮ್ ಹಣ್ಣಿನ ಕೇಕು, ಇನ್ನೊಂದರಲ್ಲಿ ಹೊಳಪು ಕಾಗದದ ಪುಸ್ತಿಕೆ. ರೋಸ್ವಿಟಾಳ ಕಣ್ಣು ಮೊದಲು ಪುಸ್ತಿಕೆಯ ಮೇಲೆ ಬಿತ್ತು.

"ಏನಿದು?"

"ಹಡಗು."

"ಅದು ನನಗೂ ಕಾಣುತ್ತೆ. ನನ್ನ ಮೇಜಿನ ಮೇಲೆ ಯಾಕೆ ಬಂತು?"

"ನಾವಿಬ್ಬರೂ ಹೋಗೋಕೆ ಕಣೇ. ಪಸಾವ್‌ನಲ್ಲಿ ಹತ್ತೋದು. ವಿಯೆನ್ನಾ, ಬುಡಾಪೆಸ್ಟ್, ಅಲ್ಲಿಂದ ಇನ್ನೂ ಕೆಳಗೆ. ಮೇ ತಿಂಗಳಲ್ಲಿ. ಒಂದೇ ಕೋಣೆ, ಎರಡು ಹಾಸಿಗೆ. ಕಿಟಕಿ ಪಕ್ಕ ನಿನಗೆ."

"ಕಿಟಕಿ ಪಕ್ಕ ನನಗೆ ಯಾಕೆ?"

"ಸರಿ, ನನಗೇ ಇರಲಿ."

"ಹಾಗಂತ ನಾನು ಹೇಳಲಿಲ್ಲ." ರೋಸ್ವಿಟಾ ಕನ್ನಡಕ ಏರಿಸಿ ಚಿತ್ರ ನೋಡಿದಳು. "ಈ ಮುದುಕರೆಲ್ಲ ಯಾಕೆ ಹೀಗೆ ನಗ್ತಿದಾರೆ?"

"ರಜಕ್ಕೆ ಬಂದಿದಾರೆ, ಅಳಬೇಕಾ?"

"ಈ ವಯಸ್ಸಲ್ಲಿ ಇಷ್ಟು ಹಲ್ಲು ಸ್ವಂತದ್ದಲ್ಲ. ಮಧ್ಯದಲ್ಲಿ ಏನಾದ್ರೂ ಮಾರ್ತಾರಾ?"

"ಹೊಳೆ ಮಧ್ಯದಲ್ಲಿ ಯಾರೇ ಕಂಬಳಿ ಮಾರ್ತಾರೆ ರೋಸಿ! ನಲವತ್ತು ವರ್ಷ ಆಯ್ತು, ಆ ಕಂಬಳಿನ ಕೆಳಗಿಡೇ."

"ಹೊಳೆ ಮಧ್ಯದಲ್ಲಾದ್ರೆ ಎದ್ದು ಹೋಗೋಕೂ ಆಗಲ್ಲ. ಮಾರೋನಿಗೆ ಅದಕ್ಕಿಂತ ಒಳ್ಳೆ ಜಾಗ ಉಂಟಾ?"

ಲೇನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದು ಎಂಬತ್ತು ಜನರ ಸಣ್ಣ ಹಡಗು, ಒಳ್ಳೆಯ ಜನ, ಅಚ್ಚುಕಟ್ಟು ಎಂದು ಹೇಳಿದಳು. ದೊಡ್ಡದಕ್ಕೆ ಏನಾಗಿದೆ ಎಂದು ರೋಸ್ವಿಟಾ ಕೇಳಿದಾಗ ಮಾತ್ರ ಅವಳ ನಗು ನಿಂತಿತು. ಬಟ್ಟಲನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದಳು.

"ದೊಡ್ಡದರಲ್ಲಿ ಗದ್ದಲ."

ಆ ಮಾತು ರೋಸ್ವಿಟಾಳ ಕಿವಿಯಲ್ಲಿ ಕಲ್ಲಿನಂತೆ ಉಳಿಯಿತು. ಗದ್ದಲ ಆಗುವುದಿಲ್ಲ ಎನ್ನಲು ಇವಳು ಯಾವ ಲೇನಿ? ಚರ್ಚಿನ ಹಾಡಿನ ಗುಂಪಿನಲ್ಲಿ ಎಲ್ಲರಿಗಿಂತ ಮೇಲೆ ಕೇಳುವ ದನಿ ಅವಳದು. ರೇಡಿಯೋ ಸ್ವಲ್ಪ ತಗ್ಗಿಸು ಎಂದು ರೋಸ್ವಿಟಾ ಪೊರಕೆಯ ಹಿಡಿಯಿಂದ ಮಾಳಿಗೆ ಕುಟ್ಟಿದ್ದು ಲೆಕ್ಕವಿಲ್ಲ.

"ತಿಂಗಳ ಕೊನೇವರೆಗೂ ಕೋಣೆ ಹಿಡಿದಿಟ್ಟಿರ್ತಾರೆ. ಅಷ್ಟರಲ್ಲಿ ಹೇಳು," ಎಂದು ಲೇನಿ ಎದ್ದಳು. ಬಾಗಿಲಲ್ಲಿ ನಿಂತು, "ಇಲ್ಲ ಅಂದ್ರೂ ಹೇಳು. ಆದ್ರೆ ನಾನು ಎರಡನೇ ಸಲ ಕೇಳಲ್ಲ ರೋಸಿ," ಎಂದಳು.

ಕೇಕು ಚೆನ್ನಾಗಿತ್ತು. ಅದೇ ರೋಸ್ವಿಟಾಗೆ ಇನ್ನಷ್ಟು ಅನುಮಾನ ತಂದಿತು. ಅತಿ ವಿನಯ ಧೂರ್ತ ಲಕ್ಷಣ. ಹಾಗೆಂದು ಅವಳಿಗೆ ಆಸೆ ಇರಲಿಲ್ಲವೆ? ಇತ್ತು. ಎಪ್ಪತ್ತು ವರ್ಷ ಆ ಹೊಳೆ ತನ್ನನ್ನು ಬಿಟ್ಟು ಕೆಳಗೆ ಹೋಗುವುದನ್ನೇ ನೋಡಿದವಳು, ಅದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲ ನೋಡಬೇಡವೆ? ಒಪ್ಪದಿದ್ದರೆ ಲೇನಿ ಹಾಡಿನ ಗುಂಪಿನ ಯಾರನ್ನಾದರೂ ಕರೆದುಕೊಂಡು ಹೋಗುವಳು. ಒಂದೇ ಕೋಣೆಯಲ್ಲಿ ಅಷ್ಟು ದಿನ ಇದ್ದು ಬಂದ ಮೇಲೆ ಮಧ್ಯಾಹ್ನದ ಕಾಫಿಯೂ ಅವಳೊಂದಿಗೇ ಆಗುವುದು. ಒಪ್ಪಿ ಹೋಗಿ ಮೋಸವಾದರೆ? ಕಂಬಳಿ ಮಾರಿದವನು ಯಾರೋ ಪರದೇಶಿ. ಲೇನಿ ಹಾಗಲ್ಲ. ಮೋಸ ಅಲ್ಲಿಂದ ಬಂದರೆ ಬೇರೆ ಯಾರ ಗಂಟೆ ಒತ್ತುವುದು?

ಹೀಗೆ ಹಿಂದೆ ಮುಂದೆ ನೋಡಿ ರೋಸ್ವಿಟಾ ತನಿಖೆಗೆ ಹೊರಟಳು. ಲೇನಿಗೆ ತಿಳಿಯದಂತೆ ಪೇಟೆಯ ಪ್ರವಾಸದ ಅಂಗಡಿಗೆ ಹೋದಳು. ಲೇನಿಯ ಹೆಸರು ಹೇಳಿದ್ದಕ್ಕೆ ಅಲ್ಲಿದ್ದ ಹುಡುಗಿ ಎರಡು ಹಡಗಿನ ಪುಸ್ತಿಕೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಳು. ದೊಡ್ಡದರ ಮಾಳಿಗೆಯ ಮೇಲೆ ಈಜುಕೊಳ, ಒಳಗೆ ಕೂದಲು ಕತ್ತರಿಸುವವರು, ರಾತ್ರಿ ಪಿಯಾನೋ, ಮೆಟ್ಟಿಲು ಬೇಡವೆಂದರೆ ಲಿಫ್ಟು. ಸಣ್ಣದರಲ್ಲಿ ಇವು ಯಾವುವೂ ಇಲ್ಲ. ಬಾಡಿಗೆ ಹೆಚ್ಚುಕಡಿಮೆ ಒಂದೇ.

"ನೀರು ಕಡಿಮೆಯಾದ್ರೆ?"

"ಬಸ್ಸಲ್ಲಿ ಕರ್ಕೊಂಡು ಹೋಗ್ತಾರೆ."

"ನೀರು ಜಾಸ್ತಿಯಾದ್ರೆ?"

"ಸೇತುವೆ ಕೆಳಗೆ ಹಡಗು ಹೋಗಲ್ಲ. ಆಗಲೂ ಬಸ್ಸೇ."

"ಅಂದ್ರೆ ಬಸ್ಸಿನ ಪ್ರವಾಸಕ್ಕೆ ಹಡಗಿನ ಚಿತ್ರ ಹಾಕಿದೀರಿ."

ಹುಡುಗಿ ಇಂಥವರನ್ನು ಕಂಡವಳೇ. ಸಿಟ್ಟಾಗಲಿಲ್ಲ. "ಊಟಕ್ಕೆ ಕೂರೋ ಜಾಗ ಮೊದಲ ದಿನವೇ ಗೊತ್ತು ಮಾಡ್ತಾರೆ, ಆಮೇಲೆ ಬದಲಿಸೋಕಾಗಲ್ಲ, ಅದೊಂದು ನೋಡ್ಕೊಳ್ಳಿ. ನಿಮ್ಮ ಗೆಳತಿ ಇದು ಯಾವುದನ್ನೂ ಕೇಳಲಿಲ್ಲಮ್ಮ. ಈಜುಕೊಳ ಬೇಡ, ಲಿಫ್ಟ್ ಬೇಡ. ಯಾವ ಹಡಗು ಎಲ್ಲೆಲ್ಲಿ ನಿಲ್ಲುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ, ಅದೊಂದೇ ಕೇಳಿದ್ದು."

ರೋಸ್ವಿಟಾ ಹೊರಗೆ ಬಂದು ಚೌಕದ ಬೆಂಚಿನ ಮೇಲೆ ಕುಳಿತಳು. ಮಂಡಿ ಆಪರೇಷನ್ ಆದವಳಿಗೆ ಲಿಫ್ಟು ಬೇಡವಂತೆ, ಹಡಗು ನಿಲ್ಲುವ ಜಾಗ ಬೇಕಂತೆ. ನಿಲ್ಲುವ ಜಾಗದಲ್ಲಿ ಯಾರೋ ನಿಂತಿರುತ್ತಾರೆ, ಇಲ್ಲದಿದ್ದರೆ ಯಾಕೆ? ಎರಡು ವರ್ಷದ ಹಿಂದೆ ಮಂಡಿಯ ಚಿಕಿತ್ಸೆಗೆ ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿ ಬಂದ ಲೇನಿ, ಯಾರೋ ಹಂಗೇರಿಯವನು ಎಷ್ಟು ಚೆನ್ನಾಗಿ ಕುಣಿಯುತ್ತಾನೆ ಎಂದು ಮೂರು ಸಲ ಹೇಳಿದ್ದಳು. ಮೂರು ಸಲ! ರೋಸ್ವಿಟಾಗೆ ಎಲ್ಲ ಹೊಳೆಯಿತು. ಅವನು ದಡದಲ್ಲಿ ಕಾಯುವನು, ಇವಳು ಇಳಿದು ಹೋಗುವಳು, ಊರಿನವರು ಕೇಳಿದರೆ ರೋಸಿಯ ಜೊತೆಗೆ ಹೋಗಿದ್ದೆ ಎನ್ನುವಳು. ತಾನು ಅವಳು ಹೊದೆಯುವ ಮುಸುಕು. ಮುಸುಕಿಗೆ ಕಿಟಕಿಯ ಪಕ್ಕದ ಹಾಸಿಗೆ!

ಇಷ್ಟಾದರೂ ಅವಳು ಬಾಯಿ ಬಿಡುತ್ತಿರಲಿಲ್ಲವೇನೋ. ಬಿಡಿಸಿದವನು ಬಾಯರ್ಲೆ. ಆ ವಾರ ಹಲಗೆ ರೋಸ್ವಿಟಾಳದು. ಶುಕ್ರವಾರ ಅವಳು ಮೆಟ್ಟಿಲ ಕಟಕಟೆ ಒರೆಸುತ್ತಿದ್ದಾಗ ಅವನು ಪತ್ರಿಕೆ ಹಿಡಿದು ಇಳಿದು ಬಂದ.

"ಒರೆಸಿ, ಒರೆಸಿ ಫ್ರಾವ್ ಕ್ನೋಲ್. ಮೇ ತಿಂಗಳಲ್ಲಿ ಇದೆಲ್ಲ ನನ್ನ ತಲೆಗೇ ಬರೋದಲ್ಲ."

"ಯಾವುದು?"

"ನಿಮ್ಮ ವಾರವೂ ಮೇಲಿನವರ ವಾರವೂ. ನೀವಿಬ್ಬರೂ ಮಹಾರಾಣಿಯರ ಹಾಗೆ ಹಡಗಲ್ಲಿ ತೇಲ್ತಾ ಇರ್ತೀರಿ, ನಾನಿಲ್ಲಿ ಪೊರಕೆ ಹಿಡಿದು ನಿಂತಿರ್ತೀನಿ. ಫ್ರಾವ್ ವೆಂಡೆಲ್ ಹೋದ ತಿಂಗಳೇ ಬಂದು ಮಾತಾಡಿ ಮುಗಿಸಿದ್ರು. ಯಾಕೆ, ನಿಮಗೆ ಗೊತ್ತಿಲ್ವಾ?"

ಹೋದ ತಿಂಗಳು. ಪ್ಲಮ್ ಕೇಕಿಗೂ ಮೊದಲು.

ಆ ಮನೆಯಲ್ಲಿ ಸಕ್ಕರೆ ಕಡ ಕೊಡಬಹುದು, ಮನೆಯ ಬೀಗದಕೈ ಕೊಡಬಹುದು. ಗುಡಿಸುವ ವಾರ ಹಾಗಲ್ಲ. ಜ್ವರ ಬಂದರೂ ಮಾಡಿದವಳು ರೋಸ್ವಿಟಾ. ಎರ್ವಿನ್‌ನನ್ನು ಮಣ್ಣಿಗಿಟ್ಟ ವಾರವೂ ಅವಳೇ ಮಾಡಿದಳು. ಅಂದು ಲೇನಿ ಹಲಗೆ ಕೇಳಲು ಬಂದಾಗ ಕೊಟ್ಟಿರಲಿಲ್ಲ. ತನ್ನ ವಾರವನ್ನು ತನ್ನನ್ನು ಕೇಳದೆ ಇನ್ನೊಬ್ಬರಿಗೆ ಒಪ್ಪಿಸುವುದೆಂದರೆ ಬದುಕಿರುವಾಗಲೇ ಬಾಗಿಲಿನ ಹೆಸರು ಕಿತ್ತ ಹಾಗೆ.

ಲೇನಿ ಸಂತೆಯಿಂದ ಬರುವುದನ್ನು ಅವಳು ಮೆಟ್ಟಿಲ ತಿರುವಿನಲ್ಲೇ ನಿಂತು ಕಾದಳು. ಇಬ್ಬರೂ ದನಿ ತಗ್ಗಿಸಿಯೇ ಜಗಳವಾಡಿದರು, ಬಾಗಿಲುಗಳಿಗೆ ಕೇಳಬಾರದೆಂದು. ಬಾಗಿಲುಗಳು ಒಂದಕ್ಷರವನ್ನೂ ಬಿಡಲಿಲ್ಲ.

"ನನ್ನ ವಾರ ದಾನ ಮಾಡೋಕೆ ನೀನ್ಯಾರೇ?"

ಲೇನಿ ಚೀಲ ಕೆಳಗಿಟ್ಟಳು. "ಬಾಯರ್ಲೆ ಬಾಯಿಗೆ ಬೀಗ ಇಲ್ಲ. ದಾನ ಅಲ್ಲ ಕಣೇ, ಬದಲಿ."

"ನನ್ನನ್ನ ಕೇಳೋಕೆ ಮುಂಚೆ?"

"ಕೇಳಿದ್ರೆ ನೀನು ಮೊದಲು ಹೇಳ್ತಿದ್ದೆ, 'ನನ್ನ ವಾರ ಯಾರು ಮಾಡ್ತಾರೆ' ಅಂತ. ಆ ನೆಪ ಇಲ್ಲದ ಹಾಗೆ ಮಾಡಿ ಆಮೇಲೆ ಬರೋಣ ಅಂದ್ಕೊಂಡೆ."

"ಎಲ್ಲಾ ಮೊದಲೇ ಹೆಣೆದಿಟ್ಟಿದೀಯ! ಸಣ್ಣ ಹಡಗಂತೆ, ಗದ್ದಲ ಆಗಲ್ವಂತೆ. ಯಾರವನು ಲೇನಿ?"

"ಯಾವನು?"

"ದಡದಲ್ಲಿ ನಿನಗೆ ಕಾಯೋನು. ಆ ಕುಣಿಯೋ ಹಂಗೇರಿಯವನಾ?"

ಲೇನಿ ನಗುವಳು ಎಂದುಕೊಂಡಿದ್ದಳು ರೋಸ್ವಿಟಾ. ಅವಳು ನಗಲಿಲ್ಲ. ಚೀಲ ಎತ್ತಿಕೊಂಡು ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲಿನಿಂದ, "ನಿನ್ನ ವಾರ ನಿನಗೇ ಇರಲಿ ರೋಸಿ," ಎಂದು ಮಾತ್ರ ಕೇಳಿಸಿತು.

ಅಂದೇ ಸಂಜೆ ರೋಸ್ವಿಟಾ ಬಾಯರ್ಲೆಯ ಬಾಗಿಲು ತಟ್ಟಿ ವಾರ ವಾಪಸು ತೆಗೆದುಕೊಂಡಳು. "ಬಾಯಿಮಾತಲ್ಲಿ ಕೊಟ್ಟಿದ್ದು, ಬಾಯಿಮಾತಲ್ಲೇ ಹೋಯ್ತು. ನನಗೇನು," ಎಂದ ಅವನು. ಮರುದಿನ ಶನಿವಾರ. ಅವಳು ಮೆಟ್ಟಿಲು ಮಿಂಚುವ ಹಾಗೆ ತಿಕ್ಕಿ, ಹಲಗೆಯನ್ನು ಲೇನಿಯ ಬಾಗಿಲಿನ ಹಿಡಿಗೆ ತೂಗುಹಾಕಿ, ಗಂಟೆ ಒತ್ತದೆ, ತುದಿಗಾಲಲ್ಲಿ ಇಳಿದು ಬಂದಳು. ಮೂವತ್ತು ವರ್ಷದಲ್ಲಿ ಅದು ಮೊದಲ ಸಲ. ಕಾಫಿ ಒಬ್ಬಳೇ ಕುಡಿದಳು. ತಾನೇ ಕಾಸಿದ ಕಾಫಿ, ಅದರಲ್ಲೂ ಏನೋ ಕಡಿಮೆಯಿತ್ತು.

ಆ ವಾರವೆಲ್ಲ ಮಾಳಿಗೆಯನ್ನೇ ಕೇಳುತ್ತ ಕಳೆದಳು. ರೇಡಿಯೋ ಇಲ್ಲ. ಲೇನಿಯ ನಡಿಗೆ ಕಿಟಕಿಯವರೆಗೆ ಹೋಗುವುದು, ಅಲ್ಲೇ ನಿಲ್ಲುವುದು. ಅವನಿಗೆ ಕಾಗದ ಬರೆಯುತ್ತಿದ್ದಾಳೆ ಎಂದು ರೋಸ್ವಿಟಾ ತೀರ್ಮಾನಿಸಿದಳು. ನಿಂತುಕೊಂಡು ಯಾರು ಬರೆಯುತ್ತಾರೆ ಎಂದು ತಾನೇ ಪ್ರಶ್ನೆ ಹಾಕಿದಳು. ಹಾಗಾದರೆ ಯಾರದೋ ದಾರಿ ಕಾಯುತ್ತಿದ್ದಾಳೆ. ಅನುಮಾನಕ್ಕೆ ಉತ್ತರದ ಬರವಿಲ್ಲ.

ಮುಂದಿನ ಶನಿವಾರ ಸಂಜೆ ಅಂಗಡಿಯಿಂದ ಬಂದವಳು ಅಭ್ಯಾಸದಂತೆ ಕಟಕಟೆಯ ಕೆಳಗೆ ಬೆರಳಾಡಿಸಿದಳು. ಬೆರಳಿಗೆ ಧೂಳು ಹತ್ತಿತು. ಬಗ್ಗಿ ನೋಡಿದರೆ ಮೂಲೆಯಲ್ಲಿ ನೆಲದ ಮನೆಯವರ ಬೂಟಿನ ಮಣ್ಣು, ಬಾಗಿಲ ಬಳಿ ತೊಟ್ಟಿ ಇಟ್ಟಲ್ಲೇ ಇದೆ. ಲೇನಿಯ ವಾರ, ಶನಿವಾರ ಸಂಜೆ, ಮೆಟ್ಟಿಲು ಗುಡಿಸಿಲ್ಲ! ಮಂಡಿಗೆ ಆಪರೇಷನ್ ಆದ ತಿಂಗಳಲ್ಲೂ ಲೇನಿ ಕುಂಡೆಯ ಮೇಲೆ ಕೂತು ಒಂದೊಂದೇ ಮೆಟ್ಟಿಲು ಜಾರುತ್ತ ಒರೆಸಿದ್ದಳು. ರೋಸ್ವಿಟಾ ಚೀಲವನ್ನು ಅಲ್ಲೇ ಬಿಟ್ಟು ಏರಿದಳು. ಹಂಗೇರಿಯವನು ಅವಳ ತಲೆಯಿಂದ ಎಲ್ಲಿ ಹೋದನೋ. ತಾನು ತೂಗುಹಾಕಿದ ಹಲಗೆ ಹಿಡಿಯಲ್ಲಿ ಹಾಗೆಯೇ ಇತ್ತು. ಗಂಟೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆಯದೆ ನಿಂತಳು.

ಬಾಗಿಲು ತೆರೆಯಿತು. ಲೇನಿ ಬದುಕಿದ್ದಳು. ಸಂಜೆಯಾದರೂ ಬದಲಿಸದ ಮನೆಯ ಉಡುಪು, ಬಾಚದ ಕೂದಲು.

"ಬೆಂಕಿ ಬಿತ್ತಾ? ಕೈ ತೆಗಿಯೇ ಗಂಟೆಯಿಂದ."

"ಮೆಟ್ಟಿಲು ಗುಡಿಸಿಲ್ಲ ನೀನು."

"ಗುಡಿಸಿಲ್ಲ."

"ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಮನಸ್ಸಿಲ್ಲ."

ರೋಸ್ವಿಟಾ ಒಳಗೆ ಬಂದು ಅಡುಗೆಮನೆಯ ಕುರ್ಚಿ ಎಳೆದು ಕುಳಿತಳು. ಪ್ರವಾಸದ ಅಂಗಡಿಯ ಹುಡುಗಿಯನ್ನು ಕೇಳಿಯಾಗಿತ್ತು, ಬಾಯರ್ಲೆಯಿಂದ ಕೇಳಿಯಾಗಿತ್ತು, ಮಾಳಿಗೆಯನ್ನೂ ಕೇಳಿಯಾಗಿತ್ತು. ಕೇಳದೆ ಉಳಿದವಳು ಇವಳೊಬ್ಬಳೇ ಎಂಬುದು ಅವಳಿಗೆ ಆಗ ಹೊಳೆಯಿತು.

"ಲೇನಿ, ಸುಮ್ಮನೆ ಕೇಳ್ತೀನಿ, ಸುಮ್ಮನೆ ಹೇಳು. ಯಾಕೆ ಆ ಸಣ್ಣ ಹಡಗೇ ಬೇಕು?"

ಲೇನಿ ಒಲೆಯ ಮೇಲಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು.

"ದೊಡ್ಡವು ನಾನು ಹುಟ್ಟಿದ ಊರಲ್ಲಿ ನಿಲ್ಲಲ್ಲ. ಮುಂದಿನ ಪಟ್ಟಣಕ್ಕೆ ಹೋಗ್ಬಿಡ್ತವೆ. ಇದೊಂದೇ ಹಳೇ ಕಟ್ಟೆಗೆ ಕಟ್ಟೋದು, ಅದೂ ಮೇ ತಿಂಗಳ ಆ ಒಂದು ಸಲ, ಒಂದು ಮಧ್ಯಾಹ್ನ. ಊರಿಗೆ ಈಗ ಬೇರೆ ಹೆಸರು. ಕಟ್ಟೆಯಿಂದ ಚರ್ಚಿನ ಹಿಂದಿನ ಹೊಲಕ್ಕೆ ನಡೆದೇ ಹೋಗ್ಬಹುದು. ಅಲ್ಲಿ ನಮ್ಮಮ್ಮ ಇದಾಳೆ. ಅವಳೊಬ್ಬಳೇ ಅಲ್ಲ, ಯುದ್ಧ ಮುಗಿದ ಆ ಚಳಿಗಾಲ ನಮ್ಮ ಭಾಷೆಯವರನ್ನೆಲ್ಲ ಕೂಡಿಹಾಕಿದ್ದ ಶಿಬಿರದಲ್ಲಿ ಸತ್ತೋರೆಲ್ಲ ಒಂದೇ ಗುಂಡೀಲಿ. ಈಗ ಒಂದು ಶಿಲುಬೆ ನೆಟ್ಟಿದಾರಂತೆ."

"ನೀನು ಯಾವತ್ತೂ ಹೇಳಲಿಲ್ಲ."

"ನೀನು ಯಾವತ್ತೂ ಕೇಳಲಿಲ್ಲ."

ಚಮಚ ಎಣಿಸುತ್ತಿದ್ದ ತಾಯಿಯ ಬೆನ್ನು ರೋಸ್ವಿಟಾಳ ಕಣ್ಣ ಮುಂದೆ ಬಂದು ಹೋಯಿತು. ಆ ಬಾಗಿಲಿಗೆ ಸೂಪಿಗೆ ಬಂದ ಮಕ್ಕಳಲ್ಲಿ ಇವಳೂ ಒಬ್ಬಳಿರಬಹುದು. ಆದರೂ ಹುಟ್ಟುಗುಣ ಬಿಡಲಿಲ್ಲ.

"ನಿನ್ನ ಮಗಳನ್ನ ಕರ್ಕೊಂಡು ಹೋಗೋದಲ್ವಾ? ನನ್ನನ್ನೇ ಯಾಕೆ?"

"ಮಗಳು ಅಳ್ತಾಳೆ. ಅವಳನ್ನ ಸಮಾಧಾನ ಮಾಡ್ತಾ ನಾನು ಹಡಗಲ್ಲೇ ಕೂತ್ಬಿಡ್ತೀನಿ." ಲೇನಿ ಮೂಗು ಒರೆಸಿಕೊಂಡಳು. "ಒಂದು ಸಲ ಹೋಗಿದ್ದೆ ಕಣೇ. ಗಂಡ ಫ್ರಾನ್ಸ್ ಬದುಕಿದ್ದಾಗ, ಬಸ್ಸಲ್ಲಿ. ಆ ಚರ್ಚಿನ ಎದುರೇ ನಿಂತಿತು. ಎಲ್ಲಾ ಇಳಿದ್ರು. ನಾನು ಫ್ರಾನ್ಸ್‌ಗೆ, ತಲೆ ಸುತ್ತುತ್ತೆ, ಇಳಿಯೋಕಾಗಲ್ಲ ಅಂದೆ. ಪಾಪ, ಒಳ್ಳೇ ಮನುಷ್ಯ. ನಂಬಿಬಿಟ್ಟ. ನೀರು ಕೊಟ್ಟು, ಪಕ್ಕದಲ್ಲೇ ಕೂತು ಬೀಸಿದ. ಬಸ್ಸು ಹೊರಟೇ ಹೋಯ್ತು. ಒಳ್ಳೆಯವರ ಜೊತೆ ಹೋದ್ರೆ ಹಾಗೇ ಆಗೋದು. ನನಗೆ ಗೊತ್ತು ರೋಸಿ, ಈ ಸಲವೂ ಆ ಕಟ್ಟೆ ಬಂದಾಗ ನಾನು ಏನಾದ್ರೂ ನೆಪ ಹೇಳ್ತೀನಿ. ಹೊಟ್ಟೆ ಅಂತೀನಿ, ತಲೆ ಅಂತೀನಿ. ಯಾರು ಹೇಳಿದ್ರೂ ನಂಬದೇ ಇರೋರು ಒಬ್ಬರು ಬೇಕು ನನ್ನ ಪಕ್ಕದಲ್ಲಿ. ಉಲ್ಮ್‌ನಲ್ಲೆಲ್ಲಾ ಹುಡುಕಿದ್ರೂ ಅಂಥೋರು ನೀನೊಬ್ಬಳೇ."

ರೋಸ್ವಿಟಾಳನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೊಗಳಿರಲಿಲ್ಲ. ಅದು ಹೊಗಳಿಕೆಯೋ ಬೈಗುಳವೋ ಎಂದು ಅವಳು ಸ್ವಲ್ಪ ಹೊತ್ತು ಪರೀಕ್ಷಿಸಿದಳು. ಬೈಯದಿದ್ದರೆ ಸಾಕು, ಅದೇ ಹೊಗಳಿಕೆ ಎನ್ನುವ ಸೀಮೆ ಅದು. ಎದ್ದು ಲೇನಿಯ ಮೂಲೆಯಲ್ಲಿದ್ದ ಪೊರಕೆ, ಬಕೀಟು ತೆಗೆದುಕೊಂಡಳು.

"ಎಲ್ಲಿಗೆ?"

"ಮೆಟ್ಟಿಲು. ಕತ್ತಲಾಗೋದ್ರೊಳಗೆ. ಬಾಯರ್ಲೆ ಕಣ್ಣಿಗೆ ಬಿದ್ರೆ ಈಸ್ಟರ್‌ವರೆಗೂ ಹೇಳ್ತಾನೆ. ನೀನು ಕಾಫಿಗಿಡು."

ಗುಡಿಸಿದಳು, ಒರೆಸಿದಳು, ತೊಟ್ಟಿ ಹೊರಗಿಟ್ಟಳು. ಹಲಗೆಯನ್ನು ಹಿಡಿಯಿಂದ ಬಿಚ್ಚಿಕೊಂಡು ಇನ್ನೊಂದು ಮಾಳಿಗೆ ಏರಿ ಬಾಯರ್ಲೆಯ ಗಂಟೆ ಒತ್ತಿದಳು. ಈ ಮೆಟ್ಟಿಲುಗಳೇ ಅವಳಿಗೆ ಎಲ್ಲಕ್ಕಿಂತ ಕಡಿದಾಗಿದ್ದವು. ವಾರ ಕಿತ್ತುಕೊಂಡು ಎಂಟು ದಿನ ಆಗಿತ್ತಷ್ಟೆ.

"ಓಹೋ, ಕೈಗೇ ಕೊಡ್ತಿದೀರಿ! ಏನು ವಿಶೇಷ?"

"ಮೇ ತಿಂಗಳ ಎರಡು ವಾರ ಹೆರ್ ಬಾಯರ್ಲೆ. ನೀವು ಮಾಡ್ಕೊಡಬೇಕು."

"ಕೊಟ್ರಿ, ತಗೊಂಡ್ರಿ, ಮತ್ತೆ ಕೊಡ್ತೀರಿ. ಇದೇನು ವಾರಾನಾ, ಚೆಂಡಾ? ನಾಳೆ ಮತ್ತೆ ಬರ್ತೀರಾ?"

"ಬರಲ್ಲ."

"ಹೇಗೆ ನಂಬೋದು?"

ಜೀವಮಾನವೆಲ್ಲ ತಾನು ಊರಿಗೆ ಕೇಳಿದ ಪ್ರಶ್ನೆಯನ್ನು ತನಗೇ ಕೇಳಿದಾಗ ರೋಸ್ವಿಟಾಳ ಕಿವಿ ಕೆಂಪಾಯಿತು. "ಬದಲಿಗೆ ಏನು ಬೇಕು ಹೇಳಿ," ಎಂದಳು.

"ಅದೇ, ಮೊದಲು ಒಪ್ಪಿದ್ದೇ. ಬರೋ ಚಳಿಗಾಲದಲ್ಲಿ ನನ್ನ ಎರಡು ವಾರದ ಹಿಮ. ಫ್ರಾವ್ ವೆಂಡೆಲ್ ಎರಡನ್ನೂ ತಾನೇ ಎತ್ತೀನಿ ಅಂದಿದ್ರು. ನಿಮ್ಮ ವಾರದ ಬದಲಿಗೆ ಬಂದದ್ದೂ ಸೇರಿಸಿ. ಆ ಮಂಡಿ ಇಟ್ಕೊಂಡು ಹೇಗೆ ಎತ್ತೀರಿ ಅಂದ್ರೆ, ಅದು ನನ್ನ ಪಾಡು, ಫ್ರಾವ್ ಕ್ನೋಲ್‌ಗೆ ಮಾತ್ರ ಹೇಳಬೇಡಿ ಅಂದ್ರು. ನಾನೂ ಹಿಮದ ವಿಷಯ ಹೇಳಲಿಲ್ಲ ನೋಡಿ. ಅಷ್ಟು ಮಟ್ಟಿಗೆ ನನ್ನ ಬಾಯಿಗೂ ಬೀಗ ಇದೆ."

ರೋಸ್ವಿಟಾ ಹಲಗೆಯನ್ನು ಅವನ ಕೈಗಿತ್ತಳು. "ಹಿಮ ಎರಡೂ ವಾರ ನನ್ನದು. ಅವಳು ಸಲಿಕೆ ಮುಟ್ಟಿದ್ರೆ ನನಗೆ ಹೇಳಿ," ಎಂದು ಇಳಿದಳು. ಕೆಳಗೆ ಕಾಫಿಯ ವಾಸನೆ ಬಂದಿತ್ತು. ಹಾಗೆಂದು ಅವಳು ಪುಸ್ತಿಕೆಯನ್ನು ಬಿಡಲಿಲ್ಲ. ಕೋಣೆ ಎಂಜಿನ್ನಿನ ಮೇಲಿದೆಯೇ, ಊಟದ ಮೇಜಿನಲ್ಲಿ ಎದುರು ಕೂರುವವರು ಯಾರು ಎಂದು ಕೇಳಲು ಪ್ರವಾಸದ ಅಂಗಡಿಗೆ ಇನ್ನೂ ಮೂರು ಸಲ ಹೋದಳು. ಆ ಹುಡುಗಿ ಅವಳನ್ನು ಬೀದಿಯ ಆ ಕಡೆ ಕಂಡರೇ ಕುರ್ಚಿ ಎಳೆದು ಇಡುತ್ತಿದ್ದಳು.

ಮೇ ತಿಂಗಳಲ್ಲಿ ಹೋದರು. ಹಡಗಿನಲ್ಲಿ ಯಾರೂ ಏನನ್ನೂ ಮಾರಲಿಲ್ಲ. ಕೊನೆಯ ದಿನ ಮಾರುತ್ತಾರೆ ಎಂದು ರೋಸ್ವಿಟಾ ಕಾದೇ ಇದ್ದಳು. ವಿಯೆನ್ನಾದಲ್ಲಿ ಲೇನಿ ಎಲ್ಲರಿಗಿಂತ ಮುಂದೆ ನಡೆದಳು, ಬುಡಾಪೆಸ್ಟ್‌ನಲ್ಲಿ ಕುಣಿದಳು. ಅಲ್ಲಿಂದ ಕೆಳಗೆ ದಡಗಳು ತಗ್ಗಿದವು, ನೀರಿಗೆ ಬಾಗಿದ ನೀರಂಜಿ ಗಿಡಗಳ ಸಾಲು ಹತ್ತಿರ ಬಂತು, ಲೇನಿಯ ಮಾತು ಕಡಿಮೆಯಾಯಿತು. ಒಂದು ಮಧ್ಯಾಹ್ನ ಹಡಗು ಹಳೆಯ ಕಲ್ಲಿನ ಕಟ್ಟೆಗೆ ಬಂದು ನಿಂತಿತು. ಹಲಗೆಯ ಸೇತುವೆ ಹಾಕಿದರು. ಬೇರೆಯವರು ಇಳಿಯತೊಡಗಿದರು. ಮರಗಳ ಮೇಲೆ ಚರ್ಚಿನ ತುದಿ ಕಾಣುತ್ತಿತ್ತು.

ಲೇನಿ ಕಂಬಿ ಹಿಡಿದು ನಿಂತೇ ಇದ್ದಳು. "ರೋಸಿ, ನೀನು ಹೋಗಿ ನೋಡ್ಕೊಂಡು ಬಾ. ನನ್ನ ಮಂಡಿ ಯಾಕೋ..."

"ಯಾವ ಮಂಡಿ?"

"ಎಡದ್ದು."

"ಎಡದ್ದು ಆಪರೇಷನ್ ಆದದ್ದು. ಆಮೇಲೆ ಒಂದು ದಿನವೂ ನೋವು ಅಂದಿಲ್ಲ ನೀನು. ನೋಯೋದು ಬಲದ್ದು."

"ಹಾಗಾದ್ರೆ ಬಲದ್ದು."

"ಬಲದ್ದಾಗಿದ್ರೆ ಮೊನ್ನೆ ಕುಣೀತಿರಲಿಲ್ಲ."

ಲೇನಿ ಅವಳ ಮುಖ ನೋಡಿದಳು. ಅಲ್ಲಿ ನಂಬಿಕೆಯ ಲವಲೇಶವೂ ಇರಲಿಲ್ಲ. ಕಂಬಿ ಬಿಟ್ಟು ರೋಸ್ವಿಟಾಳ ತೋಳು ಹಿಡಿದಳು. ರೋಸ್ವಿಟಾ ಸೇತುವೆಯ ಹಲಗೆಯನ್ನು ಮೊದಲು ತನ್ನ ಕಾಲಿನಿಂದ ಎರಡು ಸಲ ಒತ್ತಿ ಪರೀಕ್ಷಿಸಿದಳು. ಆಮೇಲೆ ಇಬ್ಬರೂ ಇಳಿದರು.